ಇನ್ನೂ ಕಾಣದ ನೆರೆಯವನಿಗಾಗಿ



ನಿಮ್ಮ ಮನೆಯಲ್ಲಿ ಮಗನೋ ಮಗಳೋ ದೈಹಿಕ ಶಿಕ್ಷಣದ ಪರೀಕ್ಷೆಗೆ ಓದುತ್ತಿದ್ದಾರೆಯೇ? ಬಿ.ಪಿ.ಇಡಿ. ಮುಗಿಸಿ ಸಿಂಧನೂರಿನಲ್ಲೋ ಲಿಂಗಸುಗೂರಿನಲ್ಲೋ ಮಸ್ಕಿಯಲ್ಲೋ ಪಿ.ಟಿ. ಮಾಸ್ತರಾಗಬೇಕೆಂಬ ಆಸೆ ಕೆಲವರಿಗೆ. 1961ರಲ್ಲಿ ಪಟಿಯಾಲದಲ್ಲಿ ಪ್ರಾರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತುದಾರರ ಡಿಪ್ಲೊಮಾ ಪಡೆಯಬೇಕೆಂಬ ಹಂಬಲ ಇನ್ನು ಕೆಲವರಿಗೆ. ಆಸೆ ಒಳ್ಳೆಯದೇ. ಆದರೆ ಪರೀಕ್ಷೆ ಹತ್ತಿರ ಬಂದಾಗ ಒಂದು ಮಾತು ಮೆಲ್ಲಗೆ ಮನೆಯೊಳಗೆ ನುಸುಳುತ್ತದೆ: "ಆಟ ಆಡಿಸಾಕ ಎಲುಬು, ನರ ಎಲ್ಲಾ ಯಾಕ ಓದಬೇಕು? ಹೆಂಗಾರ ಪಾಸಾದ್ರ ಸಾಕು."

ಆ 'ಹೆಂಗಾರ' ಎಂಬ ಮಾತಿನಲ್ಲಿ ನಕಲು ಚೀಟಿಯೂ ಅಡಗಿರುತ್ತದೆ. ಕೇಳಿಯೂ ಕೇಳದಂತಿರುವ ತಂದೆತಾಯಿಗಳಿದ್ದಾರೆ. ಬಡತನದಲ್ಲಿ ಓದಿದ ಮಗುವಿಗೆ ಒಂದು ನೌಕರಿ ಸಿಕ್ಕರೆ ಯಾರಿಗೇನು ನಷ್ಟ ಎಂದು ಅವರು ತಮ್ಮನ್ನೇ ಸಮಾಧಾನ ಮಾಡಿಕೊಳ್ಳುತ್ತಾರೆ. ನಿಜವಾಗಿಯೂ ಯಾರಿಗೂ ನಷ್ಟವಿಲ್ಲವೇ?

ಉತ್ತರ ಹುಡುಕಲು ಮೈದಾನಕ್ಕೆ ಬನ್ನಿ. ನಮ್ಮ ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವುದು ಹೊಸತಲ್ಲ. ಅಂಥ ಬಿಸಿಲಿನಲ್ಲಿ ಓಟದ ಅಭ್ಯಾಸ ಮಾಡುತ್ತಿದ್ದ ಹುಡುಗನೊಬ್ಬ ತೊದಲುತ್ತಾ, ತೂರಾಡುತ್ತಾ ಕುಸಿದು ಬೀಳುತ್ತಾನೆನ್ನಿ. ಮೈ ಕೆಂಡದಂತೆ ಸುಡುತ್ತಿದೆ. ಬಾಯಿಗೆ ನೀರು ಹಾಕುವುದು ನಮ್ಮ ರೂಢಿ. ಆದರೆ ಎಚ್ಚರ ತಪ್ಪಿದವನಿಗೆ ಆ ನೀರು ಶ್ವಾಸನಾಳಕ್ಕೆ ಇಳಿದೀತು. ಸರಿಯಾಗಿ ಓದಿದವನು 108ಕ್ಕೆ ಕರೆ ಮಾಡಿಸಿ, ಹುಡುಗನನ್ನು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಗಾಡಿ ಬರುವವರೆಗೂ ಮೈತುಂಬ ತಣ್ಣೀರು ಸುರಿಸುತ್ತಾ ಗಾಳಿ ಹಾಕಿಸುತ್ತಾನೆ. ಚೀಟಿ ನೋಡಿ ಬರೆದವನು ಏನು ಮಾಡಿಯಾನು? ಆ ಗಳಿಗೆಯಲ್ಲಿ ತೆಗೆದು ನೋಡಲು ಚೀಟಿ ಇರುವುದಿಲ್ಲ. ಹಾಗೆಯೇ, ಬಿದ್ದು ಕಾಲುನೋವೆಂದು ಅಳುವ ಹುಡುಗಿಯ ಎಲುಬು ಮುರಿದಿದ್ದರೆ, ಉಳುಕೆಂದು ತಿಳಿದು ಎಳೆದು ತಿಕ್ಕುವ ಕೈ ಅವಳಿಗೆ ಕೇಡನ್ನೇ ಮಾಡುತ್ತದೆ.

ಯೇಸುಸ್ವಾಮಿ ಹೇಳಿದ ದಯಾಳು ಸಮಾರಿಯದವನ ಕಥೆ ನಮಗೆಲ್ಲರಿಗೂ ಗೊತ್ತು. ಅವನ ಕನಿಕರವನ್ನು ನಾವು ಹೊಗಳುತ್ತೇವೆ. ಆದರೆ ಅವನು ಬರೀ ಅತ್ತು ನಿಲ್ಲಲಿಲ್ಲ. ಗಾಯಕ್ಕೆ ಏನು ಹಚ್ಚಬೇಕು, ಹೇಗೆ ಕಟ್ಟಬೇಕು ಎಂಬುದೂ ಅವನಿಗೆ ತಿಳಿದಿತ್ತು. ಎಣ್ಣೆ, ದ್ರಾಕ್ಷಾರಸ ಅವನ ಬಳಿ ಇದ್ದವು. ಕಲಿತ ಕೈ ಇಲ್ಲದಿದ್ದರೆ ಕನಿಕರ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು. ಆದ್ದರಿಂದ ಇಂಥ ಓದು, ಇನ್ನೂ ಮುಖ ಕಾಣದ ನೆರೆಯವನಿಗೆ ಮುಂಚಿತವಾಗಿಯೇ ಸಲ್ಲಿಸುವ ಪ್ರೀತಿ. ನಕಲು ಮಾಡುವುದೆಂದರೆ ಅವನ ಪಾಲಿನ ಔಷಧಿಯನ್ನು ಅವನು ಬೀಳುವ ಮೊದಲೇ ಕದ್ದಂತೆ. ಅಷ್ಟೇ ಅಲ್ಲ, ತನಗಿಲ್ಲದ ವಿದ್ಯೆ ಇದೆಯೆಂದು ಸಾರುವ ಪ್ರಮಾಣಪತ್ರ ಎಂಟನೆಯ ಕಟ್ಟಳೆ ನಿಷೇಧಿಸುವ ಸುಳ್ಳುಸಾಕ್ಷಿಯೇ. ನಿಯಮದಂತೆ ಸ್ಪರ್ಧಿಸದ ಕ್ರೀಡಾಪಟುವಿಗೆ ಜಯಮಾಲೆಯಿಲ್ಲವೆಂದು ಸಂತ ಪೌಲರು ತಿಮೊಥೇಯನಿಗೆ ಬರೆದದ್ದೂ ಈ ಅರ್ಥದಲ್ಲೇ.

ಹಾಗಾದರೆ ಈಗಾಗಲೇ ನಕಲು ಮಾಡಿ ಪಾಸಾದವನ ಗತಿಯೇನು? ಅವನು ಎದೆಗುಂದಬೇಕಿಲ್ಲ. ಪಾಪನಿವೇದನೆಯ ಬಾಗಿಲು ಸದಾ ತೆರೆದಿದೆ. ಆದರೆ ಕ್ಷಮೆ ದೊರೆತರೂ ಸತ್ಯಕ್ಕೂ ನ್ಯಾಯಕ್ಕೂ ಮಾಡಿದ ಅಪಚಾರವನ್ನು ಸರಿಪಡಿಸುವ ಹೊಣೆ ಉಳಿಯುತ್ತದೆಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಆ ಸಾಲ ತೀರಿಸುವ ಮೊದಲ ಕಂತು ಇದು: ಓದದೆ ಬಿಟ್ಟ ಪುಸ್ತಕವನ್ನು ಇಂದು ತೆರೆದು ಓದುವುದು, ಕಲಿಯುವ ತನಕ, ಬಾರದ ಕೆಲಸಕ್ಕೆ ಕೈ ಹಾಕದೆ "ಇದು ನನಗೆ ತಿಳಿಯದು, ವೈದ್ಯರ ಬಳಿ ಹೋಗೋಣ" ಎನ್ನುವ ಧೈರ್ಯ ತೋರುವುದು.

ತಂದೆತಾಯಿಗಳೇ, "ಎಷ್ಟು ಮಾರ್ಕು ಬಂತು?" ಎಂದು ಕೇಳುವ ಮೊದಲು "ಏನು ಕಲಿತೆ, ತೋರಿಸು" ಎನ್ನಿ. ತಂಗಿಯ ಪಾದಕ್ಕೆ ಪಟ್ಟಿ ಕಟ್ಟಿಸಿ ನೋಡಿ, ಅಜ್ಜಿಯ ನಾಡಿ ಎಣಿಸಲಿ. ಪ್ರಾಮಾಣಿಕವಾಗಿ ಬರೆದು ಫೇಲಾದ ಮಗುವನ್ನು ನಿಂದಿಸಬೇಡಿ. ಮರುಪರೀಕ್ಷೆ ಇದೆ, ಮೈದಾನದಲ್ಲಿ ಬಿದ್ದ ಹುಡುಗನಿಗೆ ಮರುಪರೀಕ್ಷೆ ಇರುವುದಿಲ್ಲ.

ಇಂದು ಸಂಜೆ ಜಪಸರ ಹಿಡಿದಾಗ ಮಗುವಿನ ಪರೀಕ್ಷೆಗಾಗಿ ಬೇಡಿಕೊಳ್ಳಿ. ಜೊತೆಗೆ, ಮುಂದೊಂದು ದಿನ ಅದರ ಕೈಗೆ ಬರಲಿರುವ, ಇನ್ನೂ ಹೆಸರು ತಿಳಿಯದ ಆ ಮಗುವಿಗಾಗಿಯೂ ಬೇಡಿಕೊಳ್ಳಿ.