ಗೃಹಸ್ಥನ ಮರಣಶಾಸನ

ಬೃಹದಾರಣ್ಯಕೋಪನಿಷತ್ತು ಅಲ್ಪಸ್ವಲ್ಪ ಪಾಠಭೇದದೊಡನೆ ಎರಡು ಬಾರಿ ಹೇಳುವ ಕಥೆಯೊಂದುಂಟು. ಗೃಹಸ್ಥಾಶ್ರಮವನ್ನು ತೊರೆದು ಹೊರಡಲು ನಿಶ್ಚಯಿಸಿದ ಯಾಜ್ಞವಲ್ಕ್ಯನು ಪತ್ನಿ ಮೈತ್ರೇಯಿಯನ್ನು ಕರೆದು, ಆಕೆಗೂ ಇನ್ನೊಬ್ಬ ಪತ್ನಿ ಕಾತ್ಯಾಯನಿಗೂ ಸೊತ್ತಿನ ವ್ಯವಸ್ಥೆಯನ್ನು ಮಾಡಿ ಹೋಗುವೆನೆಂದನು. ಧನದಿಂದ ಅಮೃತತ್ವವು ದೊರಕೀತೇ ಎಂದು ಮೈತ್ರೇಯಿ ಎತ್ತಿದ ಪ್ರಶ್ನೆಯ ಮೇಲೆ ಭಾಷ್ಯಗಳು ಬೆಳೆದಿವೆ. ಆ ಪ್ರಶ್ನೆಗೆ ಎಡೆಯಾದುದು ಹೇಗೆಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. ಪಡೆಯುವವಳ ಎದುರಿನಲ್ಲಿ, ಅವಳು ಬೇಡವೆನ್ನುವುದಕ್ಕೂ ಬೇರೊಂದನ್ನು ಬೇಡುವುದಕ್ಕೂ ಅವಕಾಶವಿರುವಾಗಲೇ, ಆ ಋಷಿಯು ತನ್ನ ಸಂಕಲ್ಪವನ್ನು ಹೇಳಿದನು. ಕಾತ್ಯಾಯನಿಯ ಮಾತೊಂದನ್ನೂ ಉಪನಿಷತ್ತು ದಾಖಲಿಸಿಲ್ಲ. ಆಕೆಯ ಅಭಿಪ್ರಾಯವೂ ನಮಗೆ ತಿಳಿದಿದ್ದರೆ ಚೆನ್ನಾಗಿತ್ತೆಂದು ನನಗೆ ಅನೇಕ ವೇಳೆ ಅನ್ನಿಸಿದೆ.

ಇಂದು ವಿವಾಹಿತನು ಬರೆಸುವ ವಿಲ್ಲಾದರೋ ಬಹುಮಟ್ಟಿಗೆ ಗುಟ್ಟಿನ ಪತ್ರ. ಪತ್ರ ಬರಹಗಾರನಿಗೆ ತಿಳಿದ ಸಂಗತಿಯು, ಜೀವಮಾನವೆಲ್ಲ ಜೊತೆಯಲ್ಲಿ ಬಾಳಿದ ಹೆಂಡತಿಗೆ ತಿಳಿಯುವುದು ಉತ್ತರಕ್ರಿಯೆಗಳು ಮುಗಿದು ಬೀರುವಿನ ಬೀಗ ತೆಗೆದ ಮೇಲೆ. ವಿವಾಹಮಂಟಪದಲ್ಲಿ ಧರ್ಮದಲ್ಲಿಯೂ ಅರ್ಥದಲ್ಲಿಯೂ ಕಾಮದಲ್ಲಿಯೂ ಇವಳನ್ನು ಮೀರಿ ನಡೆಯೆನೆಂದು ಅಗ್ನಿಸಾಕ್ಷಿಯಾಗಿ ಮಾತು ಕೊಟ್ಟವನು, ಆ ಮೂರರಲ್ಲಿ ನಡುವಣದನ್ನು ಅವಳಿಂದ ಮರೆಸಿ ಇಟ್ಟರೆ ಅದು ಪ್ರತಿಜ್ಞಾಭಂಗವಲ್ಲದೆ ಮತ್ತೇನು?

ಸತ್ತ ಮೇಲೂ ಸೊತ್ತಿನ ಮೇಲೆ ಆಜ್ಞೆ ನಡೆಸಬಯಸುವುದು ಮೋಹವಲ್ಲವೇ, ಏನನ್ನೂ ಬರೆಯದಿರುವುದೇ ವೈರಾಗ್ಯವಲ್ಲವೇ ಎಂದು ಕೇಳುವ ಸಜ್ಜನರಿದ್ದಾರೆ. ನಾನು ಹಾಗೆಣಿಸಲಾರೆ. ಹಿಂದೂ ಗೃಹಸ್ಥನು ವಿಲ್ಲಿಲ್ಲದೆ ತೀರಿಕೊಂಡರೆ 1956ರ ಉತ್ತರಾಧಿಕಾರ ಶಾಸನವು ಅವನ ಸೊತ್ತನ್ನು ಹೆಂಡತಿಗೂ ತಾಯಿಗೂ ಗಂಡುಹೆಣ್ಣು ಮಕ್ಕಳಿಗೂ ಸಮನಾಗಿ ಹಂಚುತ್ತದೆ. ಅದು ನ್ಯಾಯವಾದ ಹಂಚಿಕೆಯೇ. ಆದರೆ ಇರುವುದೊಂದೇ ಮನೆಯಾಗಿ, ಮಕ್ಕಳಲ್ಲೊಬ್ಬನು ತನ್ನ ಪಾಲನ್ನು ಮಾರಲೆಳಸಿದರೆ, ಮುದುಕಿಯ ಅಡುಗೆಮನೆಯೂ ವ್ಯಾಜ್ಯದ ವಸ್ತುವಾದೀತು. ಅದನ್ನು ಮೊದಲೇ ಯೋಚಿಸದಿರುವುದು ವೈರಾಗ್ಯವಲ್ಲ, ಆಲಸ್ಯ.

ಬರೆದವರಾದರೂ ಹೇಗೆ ಬರೆಯುತ್ತಾರೆ? 'ನನ್ನ ತರುವಾಯ ನನ್ನ ಪತ್ನಿಯು ಜೀವಮಾನ ಪರ್ಯಂತ ಅನುಭವಿಸಿಕೊಂಡು ಬರತಕ್ಕದ್ದು. ಪರಭಾರೆ ಮಾಡುವ ಹಕ್ಕು ಇರುವುದಿಲ್ಲ. ಆಕೆಯ ನಂತರ ಮಕ್ಕಳಿಗೆ' ಎಂಬ ಒಕ್ಕಣೆ ಎಷ್ಟು ವಿಲ್ಲುಗಳಲ್ಲಿಲ್ಲ! ಅದೇ 1956ರ ಶಾಸನದ 14ನೆಯ ಪ್ರಕರಣವು ಸ್ತ್ರೀಗೆ ತನ್ನ ಸೊತ್ತಿನ ಮೇಲೆ ಪೂರ್ಣಸ್ವಾಮ್ಯವನ್ನು ಕೊಟ್ಟಿದೆ. ಆದರೆ ಜೀವನಾಂಶದಂತಹ ಪೂರ್ವಹಕ್ಕಿಗೆ ಬದಲಾಗಿ ಬಂದುದಲ್ಲದೆ, ವಿಲ್ಲಿನಿಂದಲೇ ಹೊಸದಾಗಿ ಹುಟ್ಟಿದ ಸೀಮಿತ ಹಕ್ಕಾದರೆ, ಅದರ ಎರಡನೆಯ ಉಪಪ್ರಕರಣವು ಆ ಕಟ್ಟನ್ನು ಹಾಗೆಯೇ ಉಳಿಸುತ್ತದೆ. ಗಂಡನು ಬಹುಶಃ ರಕ್ಷಣೆಯೆಂದೇ ಬರೆಸಿರುತ್ತಾನೆ. ಆಕೆಯಾದರೋ ಔಷಧಕ್ಕೆಂದು ಗುಂಟೆ ನೆಲವನ್ನು ಮಾರಲೂ ಮಕ್ಕಳ ಮುಖ ನೋಡಬೇಕಾಗುತ್ತದೆ.

ಇದು ಸನಾತನ ಪದ್ಧತಿಯೆಂದು ಸಮಾಧಾನ ಹೇಳಿಕೊಳ್ಳುವವರು ನಮ್ಮ ನಾಡಿನ ವಿಜ್ಞಾನೇಶ್ವರನನ್ನು ನೆನೆಯಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ಆ ಪಂಡಿತನು, ಸ್ತ್ರೀಗೆ ಉತ್ತರಾಧಿಕಾರದಿಂದ ಬಂದ ಸೊತ್ತನ್ನೂ ಸ್ತ್ರೀಧನದಲ್ಲಿಯೇ ಸೇರಿಸಿದನು. ತಂದೆಯು ಬದುಕಿರುವಾಗಲೇ ಮಕ್ಕಳಿಗೆ ಸಮಭಾಗ ಮಾಡಿದರೆ, ಸ್ತ್ರೀಧನವನ್ನು ಪಡೆಯದ ಪತ್ನಿಗೂ ಅವರೊಡನೆ ಸಮಾಂಶವನ್ನು ಕೊಡತಕ್ಕದ್ದೆಂದು ಸ್ಮೃತಿಯೇ ವಿಧಿಸಿದೆ. ಆಕೆಯ ಸ್ವಂತ ಒಡವೆಯನ್ನು ತನ್ನ ಆಸ್ತಿಯ ಪಟ್ಟಿಯಲ್ಲಿ ಬರೆಸುವ ಗಂಡನಿಗೆ ಪ್ರಾಚೀನರಲ್ಲಿಯೂ ಆಶ್ರಯವಿಲ್ಲ.

ವಿಲ್ಲಿಗೆ ಛಾಪಾಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಬರೆದವನ ರುಜುವೂ ಇಬ್ಬರು ಸಾಕ್ಷಿಗಳ ರುಜುವೂ ಇದ್ದರೆ ಸಾಕು. ಸ್ವಸ್ಥಚಿತ್ತನಾಗಿರುವವರೆಗೆ ಎಷ್ಟು ಸಲವಾದರೂ ಅದನ್ನು ತಿದ್ದಬಹುದು, ರದ್ದುಪಡಿಸಬಹುದು. ಹೀಗಿರುವಲ್ಲಿ ರುಜು ಹಾಕುವ ಮೊದಲು ಕರಡನ್ನು ಮನೆಗೆ ತಂದು ಹೆಂಡತಿಗೆ ಓದಿ ಹೇಳುವುದಕ್ಕೂ, ಪರಭಾರೆಯ ಸಾಲನ್ನು ಆಕೆ ಒಪ್ಪದಿದ್ದರೆ ಹೊಡೆದುಹಾಕುವುದಕ್ಕೂ ಅಡ್ಡಿಯೇನಿದೆ? ಅದೇ ಕುಳಿತದಲ್ಲಿ ಆಕೆ ತನ್ನ ಒಡವೆಗೂ ತವರಿನಿಂದ ಬಂದ ಜಮೀನಿಗೂ ತನ್ನದೇ ವಿಲ್ಲನ್ನು ಬರೆಯಲಿ. ಅದರಲ್ಲಿ ಗಂಡನಿಗೆ ಏನನ್ನು ಬಿಡಬೇಕೆಂಬುದನ್ನು ಆಕೆಯೇ ಹೇಳಲಿ.