ದೈವ, ಪುರುಷಪ್ರಯತ್ನ ಮತ್ತು ನವಜಾತ ಶಿಶು

ತಾನಾಗಿ ಏನನ್ನೂ ಮಾಡಲಾರದ ಜೀವದ ಪಾಲಿಗೆ ಪುರುಷಪ್ರಯತ್ನವೆಂದರೆ ಯಾರ ಪ್ರಯತ್ನ ಎಂಬ ಪ್ರಶ್ನೆ, ನವಜಾತ ಗಂಡುಮಗುವಿನ ವೃಷಣ ತಿರುಚಿಕೊಂಡಾಗ ತೀವ್ರವಾಗಿ ಎದುರಾಗುತ್ತದೆ. ಶಿಶುವಿನ ವೃಷಣದ ಹೊದಿಕೆ ವೃಷಣಚೀಲದ ಒಳಗೋಡೆಗೆ ಇನ್ನೂ ಅಂಟಿಕೊಂಡಿರುವುದಿಲ್ಲವಾದ್ದರಿಂದ ಅದು ಹೊದಿಕೆಸಮೇತ ತಿರುಗಿ, ರಕ್ತ ಒಯ್ಯುವ ನಾಳಗಳ ಹುರಿ ಸುತ್ತಿಕೊಂಡು ರಕ್ತಸಂಚಾರ ನಿಂತುಹೋಗುತ್ತದೆ. ದೊಡ್ಡ ಹುಡುಗರಲ್ಲಿ ಇದು ಅಸಹನೀಯ ನೋವು ತರುತ್ತದೆ. ಶಿಶುಗಳಲ್ಲಿ ಬಹುಪಾಲು ಗರ್ಭದಲ್ಲಿಯೇ ಸಂಭವಿಸಿರುವುದರಿಂದ ಮಗು ಅಳದೆಯೂ ಇರಬಹುದು, ಆಗ ಚೀಲದ ಒಂದು ಬದಿ ಗಟ್ಟಿಯಾಗಿ ನೀಲಿಗಟ್ಟಿರುವುದೇ ಕುರುಹು.

ಇಂಥದ್ದನ್ನು ಗ್ರಹಣದ ದೋಷವೆಂದೋ ಬಾಣಂತಿಯ ಪಥ್ಯದ ತಪ್ಪೆಂದೋ ಹೇಳುವುದು ನಿರಾಧಾರ. ಅದು ನಿರಪರಾಧಿಯಾದ ತಾಯಿಯ ಮೇಲೆ ಹೊರೆ ಹೇರುತ್ತದೆ. ದೈವವೆಂಬುದು ಹಿಂದಿನ ಪೌರುಷದ ಫಲವೇ ಹೊರತು ಬೇರೆಯಲ್ಲ, ಇಂದಿನ ಪ್ರಯತ್ನ ಅದನ್ನು ಮೀರಬಲ್ಲದು ಎಂದು ಯೋಗವಾಸಿಷ್ಠ ವಾದಿಸುತ್ತದೆ. ಆದರೆ ಶಿಶುವಿಗೆ ಇಂದಿನ ಪ್ರಯತ್ನದ ಶಕ್ತಿಯೇ ಇಲ್ಲದಿರುವುದರಿಂದ, ಸುತ್ತಲಿನವರ ಕಣ್ಣು ಮತ್ತು ಕೈಗಳೇ ಅದರ ಪೌರುಷವಾಗಬೇಕಾಗುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರಗಳ ಹಳ್ಳಿಗಳಲ್ಲಿ ಈ ಹೊಣೆ ಮೊದಲು ಬೀಳುವುದು ಮಗುವಿಗೆ ಎಣ್ಣೆಸ್ನಾನ ಮಾಡಿಸುವ ಅಜ್ಜಿಯ ಮೇಲೆ ಮತ್ತು ಹೆರಿಗೆಯ ನಂತರದ 3, 7, 14, 21, 28 ಹಾಗೂ 42ನೇ ದಿನಗಳಂದು ಮನೆಗೆ ಬರುವ ಆಶಾ ಕಾರ್ಯಕರ್ತೆಯ ಮೇಲೆ. ಹುಟ್ಟುವಾಗ ಸರಿಯಿದ್ದ ಚೀಲ ಆಮೇಲೆ ಊದಿದರೆ, ಅದನ್ನು ನೀರು ತುಂಬಿದ ಊತವೆಂದು ಕಾಯದೆ, ಮಕ್ಕಳ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಶಿವಮೊಗ್ಗದಂಥ ಊರಿನ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಇಲ್ಲಿ ಗಂಟೆಗಳೇ ನಿರ್ಣಾಯಕ. ರಕ್ತಸಂಚಾರ ತೋರಿಸುವ ಡಾಪ್ಲರ್ ಸ್ಕ್ಯಾನ್ ನೆರವಾಗುತ್ತದೆ, ಆದರೆ ಅದಕ್ಕಾಗಿ ಶಸ್ತ್ರಚಿಕಿತ್ಸೆ ತಡವಾಗಬಾರದು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ನವಜಾತ ಶಿಶುವಿನ ಸಾಗಣೆಯನ್ನೂ ಚಿಕಿತ್ಸೆಯನ್ನೂ ಉಚಿತವಾಗಿಸಿದೆ.

ಹುಟ್ಟುವಾಗಲೇ ತಿರುಚಿಕೊಂಡಿದ್ದ ವೃಷಣ ಉಳಿಯುವುದು ಅಪರೂಪ. ಮತ್ತೊಂದು ಬದಿಯೂ ತಿರುಚಿದರೆ ಎರಡೂ ನಷ್ಟವಾಗುವ ಅಪಾಯವಿರುವುದರಿಂದ ಅದನ್ನು ಬೇಗನೆ ಹೊಲಿಗೆ ಹಾಕಿ ಸ್ಥಿರಗೊಳಿಸಬೇಕೆಂದು ಹಲವು ತಜ್ಞರು ವಾದಿಸಿದರೆ, ಎಳೆಯ ದೇಹಕ್ಕೆ ಅರಿವಳಿಕೆಯ ಅಪಾಯವನ್ನು ಮುಂದಿಟ್ಟು ಕೆಲವರು ಕಾಯುವುದನ್ನು ಸಮರ್ಥಿಸುತ್ತಾರೆ. ಆರೋಗ್ಯವಂತವಾದ ಒಂದೇ ವೃಷಣ ಹಾರ್ಮೋನಿಗೂ ಸಾಮಾನ್ಯವಾಗಿ ಸಂತಾನಕ್ಕೂ ಸಾಕಾಗುವುದರಿಂದ, ಇಲ್ಲಿನ ಕರ್ತವ್ಯ ಕಳೆದುಹೋದದ್ದಕ್ಕಿಂತ ಉಳಿದಿರುವುದರ ಕಡೆಗೆ ಹೆಚ್ಚು ತಿರುಗುತ್ತದೆ. ಫಲ ಅನಿಶ್ಚಿತವೆಂಬುದು ನಿಷ್ಕ್ರಿಯತೆಗೆ ಸಮರ್ಥನೆಯಾಗಲಾರದು. ಶಕ್ಯವಾದುದನ್ನೆಲ್ಲ ಸಕಾಲದಲ್ಲಿ ಮಾಡಿದ ಮೇಲಷ್ಟೇ, ಉಳಿದುದನ್ನು ದೈವಕ್ಕೆ ಬಿಟ್ಟೆವೆಂದು ಹೇಳುವ ನೈತಿಕ ಅಧಿಕಾರ ಹಿರಿಯರಿಗೆ ದೊರೆಯುತ್ತದೆ.