ಇಂದಿನ ಧಮ್ಮ ಚಿಂತನೆ: ಪ್ರೀತಿಗೂ ಪ್ರಜ್ಞೆ ಬೇಕು



ಫೇಸ್‌ಬುಕ್ಕಿನಲ್ಲಿ ಪರಿಚಯವಾದ ‘ಲಂಡನ್ ಡಾಕ್ಟರ್’ ಮದುವೆಯ ಮಾತಾಡುತ್ತಾನೆ, ಉಡುಗೊರೆ ಪಾರ್ಸೆಲ್ ಕಳಿಸಿದ್ದೇನೆ ಎನ್ನುತ್ತಾನೆ. ಆಮೇಲೆ ಕಸ್ಟಮ್ಸ್ ಹೆಸರಿನಲ್ಲಿ ಫೋನ್: ಈ ಖಾತೆಗೆ ಸುಂಕ ಹಾಕಿ. ನಿಜವಾದ ಕಸ್ಟಮ್ಸ್‌ನವರು ಯಾರದೋ ಖಾಸಗಿ ಖಾತೆಗೆ ಸುಂಕ ಹಾಕಿಸಿಕೊಳ್ಳುವುದಿಲ್ಲ.

ಯಾರೋ ಹೇಳಿದರೆಂದು ನಂಬದೆ ಪರೀಕ್ಷಿಸಿ ನೋಡಿ ಎಂದು ಬುದ್ಧರು ಕಾಲಾಮರಿಗೆ ಬೋಧಿಸಿದರು. ಪ್ರೀತಿಯ ಮಾತಿಗೂ ಅದೇ ಒರೆಗಲ್ಲು ಎಂದು ನಾನು ತಿಳಿದಿದ್ದೇನೆ. ಎದುರಿಗೆ ಕಾಣದವರಿಗೆ, ಮನೆಯವರಿಂದ ಮುಚ್ಚಿಟ್ಟು, ಹಣ ಕಳಿಸಬೇಡಿ.

ಬಾಬಾಸಾಹೇಬರು ಪ್ರಜ್ಞೆಯ ಜೊತೆ ಕರುಣೆಯನ್ನೂ ಕಲಿಸಿದರು. ಮೋಸಹೋದ ಅಕ್ಕನನ್ನು ಹಂಗಿಸಬೇಡಿ. ಶೀಲ ಮುರಿದವನು ಕದ್ದವನು, ಆಕೆಯಲ್ಲ. ನಾಚಿಕೆಯಿಂದ ಸುಮ್ಮನಿದ್ದಷ್ಟೂ ಹಣ ಕೈತಪ್ಪುತ್ತದೆ. ಪಕ್ಕದಲ್ಲಿ ಕೂತು ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ಭವತು ಸಬ್ಬ ಮಂಗಲಂ.